ನಾನು ಹತ್ತಿದ ಬೆಟ್ಟಗಳು

ಕೆಲವು ಸುಳ್ಳುಗಳು ಹೇಳಿದ ದಿನವೇ ಸತ್ತುಹೋಗುತ್ತವೆ. ಕೆಲವು ಮಾತ್ರ ನಮ್ಮ ಜೊತೆಯೇ ಸಂಸಾರ ಹೂಡಿ, ನಮ್ಮ ಜೊತೆಯೇ ವಯಸ್ಸಾಗುತ್ತಾ ಹೋಗುತ್ತವೆ. ನನ್ನದೊಂದು ಸುಳ್ಳಿಗೆ ಈಗ ಇಪ್ಪತ್ತಾರು ವರ್ಷ. ಹುಟ್ಟಿದ್ದು ಮಲ್ಲೇಶ್ವರದ ಒಂದು ಮನೆಯ ಹಜಾರದಲ್ಲಿ, ನಾನು ಹೆಣ್ಣು ನೋಡಲು ಹೋಗಿದ್ದಾಗ. ಹುಡುಗಿಯ ತಂದೆ ನನ್ನ ಹವ್ಯಾಸಗಳೇನು ಎಂದು ಕೇಳಿದರು. ನಿಜ ಹೇಳಬೇಕೆಂದರೆ ಮಧ್ಯಾಹ್ನ ಮಲಗುವುದನ್ನು ಬಿಟ್ಟು ನನಗೆ ಬೇರೆ ಹವ್ಯಾಸವಿರಲಿಲ್ಲ. ಆದರೆ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು ಹಾಗೆ ಹೇಳುವುದು ಹೇಗೆ? ಬೆಟ್ಟ ಹತ್ತುತ್ತೇನೆ ಎಂದುಬಿಟ್ಟೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗಿ ಥಟ್ಟನೆ ತಲೆಯೆತ್ತಿ ಯಾವ ಬೆಟ್ಟ ಎಂದು ಕೇಳಿದಳು. ಆ ಕಣ್ಣುಗಳನ್ನು ಕಂಡ ಮೇಲೆ ಹಿಂದೆ ಸರಿಯಲು ಮನಸ್ಸಾಗಲಿಲ್ಲ. ಸಾವನದುರ್ಗ ಎಂದೆ. ಸಾಲದು ಅನ್ನಿಸಿ, ಮೂರು ಸಲ ಎಂದು ಸೇರಿಸಿದೆ.

ನನಗೆ ಎತ್ತರವೆಂದರೆ ಭಯ. ಸಣ್ಣ ಭಯವಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಜನ ಮಕ್ಕಳನ್ನು ಆಡಲು ಬಿಟ್ಟು ಕಡಲೆಕಾಯಿ ತಿನ್ನುತ್ತಾರೆ. ನಾನು ಅದರ ಬುಡದಲ್ಲೇ ನಿಂತು ಸಸ್ಯಶಾಸ್ತ್ರದಲ್ಲಿ ಆಸಕ್ತಿ ತೋರಿಸುತ್ತೇನೆ. ನನ್ನ ಹೊರಾಂಗಣ ವಿಹಾರವೆಲ್ಲ ಸಮತಟ್ಟು ನೆಲದ ಮೇಲಿನದು: ಸಂಜೆ ಗವಿಪುರದ ಮನೆಯಿಂದ ಹೊರಟು, ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಬಂಡೆಗೆ ಬೆನ್ನು ಹಾಕಿದ ಒಂದು ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಆಯಾಸ ಪರಿಹಾರಕ್ಕೆಂದು ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋಗಿ, ಕಾವಲಿಯಿಂದ ಆಗತಾನೇ ತೆಗೆದ ಒಂದು ಒಬ್ಬಟ್ಟು ತಿಂದು ಮನೆಗೆ ಬರುವುದು. ವಾಕಿಂಗ್ ಶುರುಮಾಡಿದ ಮೇಲೆ ನನ್ನ ತೂಕ ಆರು ಕೆ.ಜಿ. ಹೆಚ್ಚಾಗಿದೆ.

ಆ ಹುಡುಗಿಯೇ ಶಾರದಾ. ಮದುವೆಯಾದ ಮೇಲೆ ಅವಳು ವರ್ಷಕ್ಕೊಮ್ಮೆಯಾದರೂ ಸಾವನದುರ್ಗದ ಮಾತೆತ್ತುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ನೆಪಗಳಿಗೆ ಬರವಿಲ್ಲ. ಬೇಸಿಗೆಯಲ್ಲಿ ಮೌಲ್ಯಮಾಪನ, ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಚಳಿಗಾಲದಲ್ಲಿ ನನ್ನ ಕೆಮ್ಮು. ಅವಳಿಗೂ ಬ್ಯಾಂಕಿನ ಕೆಲಸ, ಮಗಳ ಓದು. ಹೀಗೇ ಕಾಲ ಸಾಗಿತ್ತು. ಹೋದ ವರ್ಷ ಅವಳು ಸ್ವಯಂ ನಿವೃತ್ತಿ ತೆಗೆದುಕೊಂಡು ಪಾರ್ಕಿನ ಒಂದು ಗುಂಪಿಗೆ ಸೇರಿದಳು. ಅದರ ಮುಂದಾಳು ಪುಟ್ಟಸ್ವಾಮಿ ಎಂಬ ಎಪ್ಪತ್ತರ ಹಿರಿಯರು. ಭಾನುವಾರ ಬಂತೆಂದರೆ ಜನರನ್ನು ಎಲ್ಲಿಗಾದರೂ ಹೊರಡಿಸುವುದೇ ಅವರ ಕೆಲಸ. ಒಂದು ವಾರ ಹೆಸರಘಟ್ಟದಲ್ಲಿ ಹಕ್ಕಿ ನೋಡುವುದು, ಇನ್ನೊಂದು ವಾರ ಕೆರೆ ಏರಿಯ ಮೇಲೆ ಸೈಕಲ್ಲು. ಕೂತಲ್ಲೇ ಕತ್ತೆತ್ತಿದರೆ ಸಾಕಾದ್ದರಿಂದ ಹಕ್ಕಿ ನೋಡಲು ನಾನೂ ಹೋಗಿದ್ದೆ. ಅಲ್ಲೇ ಶಾರದಾ ನನ್ನ ಮೂರು ಸಲದ ವಿಷಯ ಅವರ ಕಿವಿಗೆ ಹಾಕಿದ್ದು. ಮುಂದಿನ ಭಾನುವಾರ ಎಲ್ಲಿಗೆ ಎನ್ನುವುದು ಆ ಕ್ಷಣವೇ ತೀರ್ಮಾನವಾಯಿತು.

ಬೆಳಿಗ್ಗೆ ಎಂಟಕ್ಕೆಲ್ಲ ಹದಿಮೂರು ಜನ ಬೆಟ್ಟದ ಬುಡದಲ್ಲಿದ್ದೆವು. ಚಿತ್ರದಲ್ಲಿ ನೋಡುವ ಸಾವನದುರ್ಗವೇ ಬೇರೆ. ಎದುರಿಗೆ ನಿಂತರೆ ಅದು ಬೆಟ್ಟವಲ್ಲ, ಆಕಾಶಕ್ಕೆ ಒರಗಿಸಿಟ್ಟ ಒಂದೇ ಕಲ್ಲು. ಮೆಟ್ಟಿಲಿಲ್ಲ, ಕಂಬಿಯಿಲ್ಲ, ಬಂಡೆಯ ಮೇಲೆ ಬಳಿದ ಬಾಣದ ಗುರುತುಗಳಷ್ಟೆ. ಪುಟ್ಟಸ್ವಾಮಿಯವರು ನನ್ನ ಬೆನ್ನು ತಟ್ಟಿ, “ಮೇಷ್ಟ್ರೇ, ದಾರಿ ಗೊತ್ತಿರೋರು ನೀವೊಬ್ರೇ. ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ” ಎಂದರು.

ನಡೆದೆ. ಮೊದಲ ಬಾಣ ಕಂಡಿತು, ಎರಡನೆಯದೂ ಕಂಡಿತು. ಮೂರನೆಯದು ಸವೆದಿತ್ತೋ ನನ್ನ ಕಣ್ಣೇ ಕತ್ತಲಿಟ್ಟಿತ್ತೋ, ಹನ್ನೆರಡು ಜನರನ್ನು ನೇರವಾಗಿ ಲಂಟಾನ ಪೊದೆಯೊಳಗೆ ಕರೆದುಕೊಂಡು ಹೋದೆ. ನಾನು ಹತ್ತುವಾಗ ದಾರಿ ಇಲ್ಲೇ ಇತ್ತು ಎಂದು ಗೊಣಗಿದೆ. ಎಲ್ಲರೂ ಮೈಗೆ ಅಂಟಿದ ಮುಳ್ಳು ಬಿಡಿಸಿಕೊಂಡು, ಗೌರವದಿಂದ ನನ್ನನ್ನು ಪುನಃ ಮುಂದೆ ಬಿಟ್ಟರು. ಇನ್ನೊಂದು ನೂರು ಹೆಜ್ಜೆ ಹತ್ತಿರಬೇಕು. ಗುಂಪು ಬರುತ್ತಿದೆಯೇ ಎಂದು ಹಿಂದಿರುಗಿ ನೋಡಿದೆ. ನಾವು ಬಂದ ವ್ಯಾನು ಕಾಲಡಿಯಲ್ಲಿ ಬೆಂಕಿಪೊಟ್ಟಣದಷ್ಟಿತ್ತು. ಕಾಲುಗಳು ನಿಂತುಹೋದವು. ಕೂತೆ. ಕೂತದ್ದು ಸಾಲದೆನ್ನಿಸಿ ಎರಡೂ ಅಂಗೈಗಳನ್ನು ಬಂಡೆಗೆ ಒತ್ತಿ ಹಿಡಿದೆ.

ಶಾರದಾ ಹತ್ತಿರ ಬಂದು ಏನಾಯಿತೆಂದು ಕೇಳಿದಳು. ಲೇಸು ಬಿಚ್ಚಿಕೊಂಡಿದೆ ಎಂದೆ. ಅವಳು ನನ್ನ ಕಾಲು ನೋಡಿದಳು. ಬೂಟಿಗೆ ಲೇಸೇ ಇರಲಿಲ್ಲ. ಉಳಿದವರಿಗೆ ಮುಂದೆ ಹೋಗಲು ಹೇಳಿ ಪಕ್ಕದಲ್ಲಿ ಕೂತಳು. ಇನ್ನು ತಡೆಯಲಾಗಲಿಲ್ಲ.

“ಶಾರದಾ, ನಾನು ಈ ಬೆಟ್ಟ ಯಾವತ್ತೂ ಹತ್ತಿಲ್ಲ ಕಣೆ.”

“ಗೊತ್ತು.”

“ಯಾವಾಗಿಂದ?”

“ಮದುವೆಯಾದ ಮೊದಲನೇ ದೀಪಾವಳಿಗೇ. ಫ್ಯಾನ್ ಒರೆಸೋಕೆ ಸ್ಟೂಲ್ ಹತ್ತಿ ಅಂದ್ರೆ ಗೋಡೆ ಹಿಡ್ಕೊಂಡು ಬೆವರಿದ್ರಲ್ಲ.”

ಇಷ್ಟು ವರ್ಷ ಗೊತ್ತಿದ್ದೂ ಏಕೆ ಕೇಳುತ್ತಿದ್ದೆ ಎಂದೆ. ಅವಳು ಮೇಲಕ್ಕೆ ನೋಡುತ್ತಾ, “ಹತ್ತೋ ಆಸೆ ಇದ್ದಿದ್ದು ನನಗೆ ಕಣ್ರೀ. ಅಪ್ಪ ಬಿಡ್ತಿರಲಿಲ್ಲ. ನೀವು ಕರ್ಕೊಂಡು ಹೋಗ್ತೀರ ಅಂತ ಒಪ್ಕೊಂಡೆ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಒಳ್ಳೆಯದಿತ್ತು. ಹಾಲು ಮುಗಿದಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು. ನಾನು ಹೆದರಿಕೊಂಡ ಇಪ್ಪತ್ತಾರು ವರ್ಷವೂ ಅವಳು ಕೆಳಗೇ ನಿಂತಿದ್ದಳು ಎನ್ನುವುದು ನನಗೆ ಆಗ ಹೊಳೆಯಿತು. ಹೋಗಿ ಬಾ ಎಂದೆ. ಅವಳು ನೀರಿನ ಬಾಟಲಿಯನ್ನು ನನ್ನ ತೊಡೆಯ ಮೇಲಿಟ್ಟು, ಸೆರಗಿನಂತೆ ದುಪಟ್ಟಾವನ್ನು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆಯೂ ಹಿಂದಿರುಗಿ ನೋಡದೆ ಹತ್ತಿದಳು.

ಎರಡೂವರೆ ಗಂಟೆ ನಾನು ಆ ಬಂಡೆಯ ಮೇಲೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದೆ. ಹತ್ತಿ ಬರುತ್ತಿದ್ದವರು ಮೇಲೆ ಹೇಗಿದೆ ಎಂದು ಕೇಳುತ್ತಿದ್ದರು. ತುದಿಯಲ್ಲಿ ನಂದಿ ಇದೆ, ಗಾಳಿ ಚೆನ್ನಾಗಿದೆ, ಕೆರೆ ಕನ್ನಡಿಯ ಹಾಗೆ ಕಾಣುತ್ತದೆ ಎಂದು ವರ್ಣಿಸಿದೆ. ವರ್ಣನೆ ಇಪ್ಪತ್ತಾರು ವರ್ಷಗಳಿಂದ ಬಾಯಿಪಾಠವಾಗಿತ್ತು. ಶಾರದಾ ಇಳಿದು ಬಂದಾಗ ಅವಳ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು. ಹೇಗಿತ್ತು ಎಂದು ಕೇಳಿದೆ. “ನೀವು ಹೇಳ್ತಿದ್ರಲ್ಲ, ಅದಕ್ಕಿಂತ ಚೆನ್ನಾಗಿದೆ” ಎಂದಳು. ಹಜಾರದಲ್ಲಿ ತಲೆಯೆತ್ತಿದ ಹುಡುಗಿಯನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ನಾನು ಕೂತ ಭಂಗಿಯಲ್ಲೇ ಜಾರಿಕೊಂಡು ಕೆಳಗಿಳಿದೆ. ಪ್ಯಾಂಟಿನ ಹಿಂಭಾಗ ಸಾವನದುರ್ಗದಲ್ಲೇ ಉಳಿಯಿತು.

ಈಗ ಶಾರದಾ ತಿಂಗಳಿಗೊಂದು ಬೆಟ್ಟ ಹತ್ತುತ್ತಾಳೆ. ನಾನೂ ಹೋಗುತ್ತೇನೆ. ಪುಟ್ಟಸ್ವಾಮಿಯವರು ದೊಡ್ಡ ಮನಸ್ಸು ಮಾಡಿ ನನಗೆ ಬೇಸ್ ಕ್ಯಾಂಪ್ ಉಸ್ತುವಾರಿ ಎಂಬ ಹುದ್ದೆ ಕೊಟ್ಟಿದ್ದಾರೆ. ಎಲ್ಲರ ಚೀಲಗಳನ್ನೂ ಪುಳಿಯೋಗರೆಯನ್ನೂ ಕೋತಿಗಳಿಂದ ಕಾಯುವುದು ನನ್ನ ಹೊಣೆ. ಸುಳ್ಳು ಹೇಳುವ ಅಗತ್ಯವೇ ಇಲ್ಲದ ಕೆಲಸ, ಮನಸ್ಸು ಹಗುರವಾಗಿದೆ. ಹೋದ ಭಾನುವಾರ ಶಿವಗಂಗೆಯ ಬುಡದಲ್ಲಿ ಹೊಸದಾಗಿ ಸೇರಿದ ಒಬ್ಬರು ಹತ್ತದೆ ನನ್ನ ಪಕ್ಕದ ಮಡಿಸುವ ಕುರ್ಚಿಯಲ್ಲಿ ಬಂದು ಕೂತರು. ಮಂಡಿ ನೋವಂತೆ. ಹರೆಯದಲ್ಲಿ ಇದೇ ಬೆಟ್ಟವನ್ನು ನಾಲ್ಕು ಸಲ ಹತ್ತಿದವರಂತೆ. ಅವರ ಕೈ ಕುರ್ಚಿಯ ಅಂಚನ್ನು ಹಿಡಿದಿದ್ದ ರೀತಿ ನೋಡಿದೆ, ಎಲ್ಲ ಅರ್ಥವಾಯಿತು. ಕರುಣೆಯಿಂದ ಅವರ ಕಡೆ ತಿರುಗಿದೆ.

“ನಾನು ಐದು ಸಲ” ಎಂದೆ.