ರಾಕ್ಷಸನಿಗೆ ಸುರಿದ ಪೆಟ್ರೋಲು

ಪೆಟ್ರೋಲಿನ ರೇಟು ಮತ್ತೆ ಏರಿದೆ ಎಂದು ಮೊಬೈಲು ಕೂಗಿದಾಗ ನಿರಂಜನ ಬಟ್ಟೆಮಲ್ಲಪ್ಪ ಎಂಬ ಊರಿನ ತನ್ನ ಮನೆಯಲ್ಲಿ ಕೂತು ದೋಸೆ ತಿನ್ನುತ್ತಿದ್ದ. ಅವನು ಹಲ್ಲು ಕಡಿದ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡು ಗುಡ್ಡ ಹತ್ತಿತು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆ ಇಲ್ಲ. ಅನುಮಾನ ಇದ್ದವರು ಎಮ್ಮೆಯನ್ನೇ ಕೇಳಬಹುದು.

ಸಿಟ್ಟು ಬರದೆ ಇನ್ನೇನು ಬರಬೇಕು? ನಿರಂಜನ ಮಿಕ್ಸಿ, ಪಂಪ್‌ಸೆಟ್ ರಿಪೇರಿ ಮಾಡುವವನು. ಬೈಕು ಹತ್ತಿ ಹತ್ತೂರು ಸುತ್ತಿದರೆ ಮಾತ್ರ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಒಂದು ಮಿಕ್ಸಿ ರಿಪೇರಿ ಮಾಡಿ ಗಳಿಸಿದ್ದನ್ನು ಆ ಮಿಕ್ಸಿಯ ಮನೆಗೆ ಹೋಗಿಬರುವ ಪೆಟ್ರೋಲೇ ಕುಡಿದು ತೇಗುತ್ತಿತ್ತು. ಅವನು ಹತ್ತು ರೂಪಾಯಿ ಹೆಚ್ಚು ಕೇಳಿದರೆ "ನಿಂಗೆ ಮನುಷ್ಯತ್ವ ಇಲ್ವನಾ?" ಎಂದು ಜನ ಮೈಮೇಲೆ ಬರುತ್ತಿದ್ದರು. ಅದೇ ಜನ ಬಂಕಿನಲ್ಲಿ ಕುರಿಗಳ ಹಾಗೆ ಸಾಲು ನಿಂತು, ಕೇಳಿದಷ್ಟು ಕೊಟ್ಟು, ಮೇಲಿಂದ ಒಂದು ನಗುವನ್ನೂ ಕೊಟ್ಟು ಬರುತ್ತಿದ್ದರು. ಮೀನಿನ ಗಾಡಿಯವನು ಬಂಗಡೆಯ ರೇಟು ಏರಿಸಿ ಪೆಟ್ರೋಲಿನ ಕಡೆ ಕೈ ತೋರಿಸಿದ. ಸರಿ, ಅವನದು ಗಾಡಿ. ಕ್ಷೌರದಂಗಡಿಯವನೂ ಅದನ್ನೇ ತೋರಿಸಿದ! ಕತ್ತರಿ ಯಾವ ಪೆಟ್ರೋಲಿನಲ್ಲಿ ಓಡುತ್ತದೆ ಎಂದು ನಿರಂಜನ ಅರ್ಧ ಕ್ಷೌರದಲ್ಲೇ ಎದ್ದು ಬಂದಿದ್ದ. ಉಳಿದರ್ಧ ಇನ್ನೂ ಅವನ ತಲೆಯ ಮೇಲೆ ಸಾಕ್ಷಿಯಾಗಿ ನಿಂತಿತ್ತು.

ಇಂಥವನು ಪೆಟ್ರೋಲು ಉಳಿಸುತ್ತಿದ್ದ ರೀತಿಯನ್ನು ಕಂಡಿದ್ದರೆ ಜಿಪುಣರೆಲ್ಲ ಕಾಲಿಗೆ ಬೀಳುತ್ತಿದ್ದರು. ಇಳಿಜಾರು ಬಂತೆಂದರೆ ಎಂಜಿನ್ ಆಫ್. ಏರು ಬಂತೆಂದರೆ ಉಸಿರು ಬಿಗಿಹಿಡಿದು ತನ್ನ ಭಾರ ಕಡಿಮೆ ಮಾಡಿಕೊಳ್ಳುತ್ತಿದ್ದ.

"ಜೋನಿಬೆಲ್ಲ ಎಲ್ಲೇ?" ಎಂದ, ನೀರುಬೆಲ್ಲವಿಲ್ಲದೆ ಸಪ್ಪೆಯಾದ ದೋಸೆಯ ಮೇಲೆ ಸಿಟ್ಟು ತೀರಿಸುತ್ತ.

"ಇಲ್ಲ," ಎಂದಳು ಹೆಂಡತಿ ಪ್ರತಿಮಾ.

"ಕ್ಯಾನ್ ತುಂಬ ಇತ್ತಲ್ಲ?"

"ಖಾಲಿಯಾಯ್ತು. ಚಟ್ನಿ ಹಾಕ್ಕೊಳ್ಳಿ." ಅವಳು ಕಾವಲಿಯ ಕಡೆ ತಿರುಗಿಕೊಂಡಳು. "ನಾಳೆ ಮಂಡಗದ್ದೇಲಿ ನಮ್ಮಪ್ಪನ ಹೊಸ ಮನೆ ಒಕ್ಕಲು. ಬೆಳಗಿನ ಜಾವ ಮುಹೂರ್ತ. ನೆನಪಿದ್ಯಲ್ಲ?"

ನಿರಂಜನ ಬಾಯಿ ತೆರೆದ. ಪ್ರತಿಮಾ ಸೌಟು ಎತ್ತಿದಳು.

"ರೇಟು ಇಳೀಲಿ ಹೋಗಣ ಅಂದ್ರೆ ನೋಡಿ! ತಂಗಿ ಮದ್ವೆಗೆ ಅದೇ ಹೇಳಿದ್ರಿ. ಅವಳ ಮಗನ ನಾಮಕರಣಕ್ಕೂ ಅದೇ ಹೇಳಿದ್ರಿ. ಅವನೀಗ ಶಾಲೆಗೆ ಹೋಗ್ತಾನೆ, ನಿಮ್ಮ ರೇಟು ಇನ್ನೂ ಇಳೀಲಿಲ್ಲ. ಬೆಳಗಿನ ಬಸ್ಸಲ್ಲಿ ಹೋದ್ರೆ ನಾವು ಮುಟ್ಟೋದು ಎಂಜಲೆಲೆ ಎತ್ತೋ ಹೊತ್ತಿಗೆ. ನಾಳೆ ಬೈಕಲ್ಲಿ ಕರ್ಕೊಂಡು ಹೋಗ್ಲಿಲ್ಲ ಅಂದ್ರೆ ನಾನು ಹೆಂಗಾದ್ರೂ ಹೋಗ್ತೀನಿ. ಹೋದವಳು ಅಲ್ಲೇ ಇರ್ತೀನಿ. ರೇಟು ಇಳಿದ ಮೇಲೆ ಕರ್ಕೊಂಡು ಬರಕ್ಕೆ ಬನ್ನಿ."

ಅಂದರೆ ಈ ಜನ್ಮದಲ್ಲಿ ಬರುವುದಿಲ್ಲ ಎಂದರ್ಥ. ನಿರಂಜನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಟ್ಯಾಂಕಿನಲ್ಲಿದ್ದ ಪೆಟ್ರೋಲು ಮಂಡಗದ್ದೆಗೆ ಹೋಗಲು ಸಾಕು. ವಾಪಸ್ಸು ಬರಲು ಮಾವನನ್ನೇ ಕೈಯೊಡ್ಡಿ ಬೇಡಬೇಕು. ಜೇಬಿನಲ್ಲಿ ಗಾಳಿ ಬಿಟ್ಟರೆ ಸ್ಕ್ರೂಡ್ರೈವರ್ ಮಾತ್ರ ಇತ್ತು.

ಆಗಲೇ ದೇವದೂತನಂತೆ ಬಂದ, ಪಕ್ಕದ ಮನೆಯ ಬೆಳ್ಳಪ್ಪ. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಇಣುಕುವವನು ಅವನೇ. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ತಯಾರಾಗಿಯೇ ಬಂದಿದ್ದ.

"ಏಯ್ ಮಾರಾಯ, ಏಳು! ಪೆಟ್ರೋಲ್ ರೇಟಿನ ವಿರುದ್ಧ ಇವತ್ತು ಬೈಕ್ ರ್‍ಯಾಲಿ. ಹೊಸನಗರದಿಂದ ಸಾಗರಕ್ಕೆ. ತೀರ್ಥಹಳ್ಳಿ ಲೀಡರ್ ಪೂರ್ಣೇಶ್ ಗೌಡ್ರದ್ದು."

"ರೇಟು ಜಾಸ್ತಿ ಅಂತ ಹೇಳಕ್ಕೆ ಪೆಟ್ರೋಲ್ ಸುಟ್ಕೊಂಡು ಹೋಗೋದಾ? ಬೆಳ್ಳಪ್ಪಣ್ಣ, ತಲೆ ನೆಟ್ಟಗಿದ್ಯಾ?"

"ಪ್ರತಿಕೃತಿ ಸುಟ್ಟ ಮೇಲೆ ಗಾಡಿಗೆ ಎರಡೆರಡು ಲೀಟರ್ ಪೆಟ್ರೋಲ್ ಕೂಪನ್ ಕೊಡ್ತಾರೆ ಮಾರಾಯ."

ಮಾತು ಮುಗಿಯುವ ಮೊದಲೇ ನಿರಂಜನ ಬೈಕಿನ ಮೇಲಿದ್ದ. ದೋಸೆಯ ತಟ್ಟೆ ಇನ್ನೂ ಅವನ ಕೈಯಲ್ಲಿತ್ತು.

ಸಾಗರ ಇದ್ದದ್ದು ಒಂದು ದಿಕ್ಕಿಗೆ, ರ್‍ಯಾಲಿ ಹೊರಡುವ ಹೊಸನಗರ ಇನ್ನೊಂದು ದಿಕ್ಕಿಗೆ. ಹಾಗಾಗಿ ಮೊದಲು ಹೊಸನಗರಕ್ಕೆ ಹೋಗಿ, ಅಲ್ಲಿಂದ ತನ್ನ ಮನೆಯ ಮುಂದೆಯೇ ಮೆರವಣಿಗೆಯಲ್ಲಿ ಹಾದುಹೋಗುವ ಭಾಗ್ಯ ನಿರಂಜನನದಾಯಿತು. ಹಿಂದಿನ ಸೀಟಿನಲ್ಲಿ ಬೆಳ್ಳಪ್ಪ. ಅವನ ತೂಕಕ್ಕೆ ಬೈಕಿನ ಮುಂದಿನ ಚಕ್ರ ಏರಿನಲ್ಲಿ ನೆಲ ಬಿಟ್ಟು ಹಕ್ಕಿಗಳನ್ನು ಮುಟ್ಟಿಬರುತ್ತಿತ್ತು.

"ಮುಂದೆ ಹೋಗು, ಮುಂದೆ! ಗೌಡ್ರ ಕಣ್ಣಿಗೆ ಬೀಳ್ಬೇಕು," ಎಂದು ಬೆಳ್ಳಪ್ಪ ಬೆನ್ನಿಗೆ ಗುದ್ದುತ್ತಿದ್ದ. ಗೌಡರು ಎಲ್ಲರಿಗಿಂತ ಮುಂದೆ, ಲಾರಿಯಷ್ಟು ದೊಡ್ಡ ಕಾರಿನಲ್ಲಿ ಗಾಜು ಏರಿಸಿಕೊಂಡು, ಎ.ಸಿ.ಯ ತಂಪಿನಲ್ಲಿ ಮೈಕು ಹಿಡಿದು ಕುದಿಯುತ್ತಿದ್ದರು.

"ಇಳಿಸಿ, ಇಳಿಸಿ!" ಎಂದು ಕಾರು ಕೂಗಿತು.

"ಪೆಟ್ರೋಲ್ ಬೆಲೆ ಇಳಿಸಿ!" ಎಂದು ನಿರಂಜನ ಕೂಗಿದ. ಮಿಕ್ಸಿ, ಬಂಗಡೆ, ಅರ್ಧ ಕ್ಷೌರ ಎಲ್ಲ ಸೇರಿ ಹೊಟ್ಟೆಯಿಂದ ಬಂದ ಆ ಕೂಗು ಕಾರ್ಗಲ್ಲಿನವರೆಗೂ ಕೇಳಿಸಿ, ಅಲ್ಲಿನವರು ಲಿಂಗನಮಕ್ಕಿ ಅಣೆಕಟ್ಟಿನ ಗೇಟು ತೆಗೆದರೇನೋ ಎಂದು ಹೊರಗೆ ಬಂದು ನೋಡಿದರಂತೆ.

ಸಾಗರದ ಸರ್ಕಲ್ಲಿನಲ್ಲಿ ಟೆಂಪೋದಿಂದ ಪ್ರತಿಕೃತಿಯನ್ನು ಇಳಿಸಿದರು. ಬೆಲೆಯೇರಿಕೆಯ ರಾಕ್ಷಸ. ಹೊಟ್ಟೆ ತುಂಬ ಹುಲ್ಲು, ಮೂಗಿನ ಜಾಗದಲ್ಲಿ ಬಂಕಿನ ಪೈಪಿನಂಥ ಪೈಪು, ಬಾಯಲ್ಲಿ ಪ್ಲಾಸ್ಟಿಕ್ಕಿನ ಕೋರೆಹಲ್ಲು. ಗೌಡರು ಕಾರಿನಿಂದ ಇಳಿದು ಕಡ್ಡಿ ಗೀರಿದರು. ರಾತ್ರಿ ಟೆಂಪೋದಲ್ಲೇ ಮಳೆಗೆ ನೆನೆದಿದ್ದ ರಾಕ್ಷಸ ಒಮ್ಮೆ ಹೊಗೆ ಬಿಟ್ಟು, ಗೌಡರ ಮುಖಕ್ಕೇ ಕೆಮ್ಮಿ, ಆರಿಹೋದ. ಪೊಟ್ಟಣ ಮುಗಿಯುವವರೆಗೂ ಗೀರಿದರು. ರಾಕ್ಷಸ ನಗುತ್ತಲೇ ಇದ್ದ.

"ಸೀಮೆಎಣ್ಣೆ ತನ್ರೋ!" ಎಂದರು ಗೌಡರು.

"ಎಲ್ಲಿದೆ ಗೌಡ್ರೇ? ರೇಷನ್ನಲ್ಲಿ ಕೊಡೋದು ನಿಂತು ಯಾವ ಕಾಲ ಆಯ್ತು."

"ಹಂಗಾದ್ರೆ ಯಾವ್ದಾದ್ರೂ ಬೈಕಿಂದ ಪೆಟ್ರೋಲ್ ತೆಗೀರಿ."

ಬೆಲೆಯೇರಿಕೆಯ ವಿರುದ್ಧ ಪ್ರಾಣ ಕೊಡಲು ಸಿದ್ಧರಿದ್ದ ವೀರರೆಲ್ಲ ತಮ್ಮ ತಮ್ಮ ಟ್ಯಾಂಕುಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಬೆಳ್ಳಪ್ಪನ ಗುದ್ದಿನ ಪ್ರತಾಪದಿಂದ ರಾಕ್ಷಸನಿಗೆ ತೀರ ಹತ್ತಿರ ನಿಂತಿದ್ದ ಬೈಕು ನಿರಂಜನನದು. ಯಾರೋ ಪೈಪು ಹಿಡಿದುಕೊಂಡು ಬಂದೇಬಿಟ್ಟರು. ನಿರಂಜನ ಕಾವು ಕೂತ ಕೋಳಿಯ ಹಾಗೆ ಟ್ಯಾಂಕಿನ ಮೇಲೆ ಬೋರಲು ಮಲಗಿದ.

"ನನ್ನ ರಕ್ತ ಬೇಕಾದ್ರೆ ತಗೊಳ್ಳಿ! ಇದ್ರಲ್ಲಿ ಒಂದು ಹನಿ ಮುಟ್ಟಿದ್ರೆ ಕೊಲೆ ಬೀಳ್ತದೆ! ಗೌಡ್ರ ಕಾರಲ್ಲಿ ತೆಗೀರಿ!"

"ಅದು ಡೀಸೆಲ್ಲು," ಎಂದರು ಗೌಡರು ಗಂಭೀರವಾಗಿ. "ಅದರ ಹೋರಾಟ ಬೇರೆ ದಿನ ಇದೆ."

ಎಳೆದಾಟ ಶುರುವಾಯಿತು. ಬೆಳ್ಳಪ್ಪ ನಡುವೆ ಬಂದ.

"ತಡೀರಿ, ತಡೀರಿ. ಪಾಪ, ಅವ್ನ ಬಿಡಿ. ಪೆಟ್ರೋಲ್ ತರಿಸೋ ಜವಾಬ್ದಾರಿ ನಂದು. ಒಂದು ಬಸ್ ಬರೋವಷ್ಟು ಹೊತ್ತು ಕೊಡಿ," ಎಂದವನು ಮೊಬೈಲು ಕಿವಿಗಿಟ್ಟುಕೊಂಡು ಗುಂಪಿನಿಂದಾಚೆ ನಡೆದ.

ಬಸ್ಸು ಬರುವವರೆಗೆ ಹೊತ್ತು ಕಳೆಯಬೇಕಲ್ಲ, ಗೌಡರು ಭಾಷಣ ಮಾಡಿದರು. ಕಾರಿನ ಸೀಟು ಬಿಸಿಯಾಗಬಾರದೆಂದು ಎಂಜಿನ್ ಅಷ್ಟು ಹೊತ್ತೂ ಓಡುತ್ತಲೇ ಇತ್ತು. "ಒಂದೊಂದು ಹನಿಯೂ ಬಡವನ ಬೆವರು!" ಎಂದು ಗೌಡರು ಗುಡುಗಿದಾಗ ಕಾರು "ಬುರ್ರ್" ಎಂದು ಒಪ್ಪಿಕೊಂಡಿತು. ಟ್ಯಾಂಕಿನ ಮೇಲೆ ಮಲಗಿಯೇ ಇದ್ದ ನಿರಂಜನನ ಜೇಬಿನಲ್ಲಿ ಮೊಬೈಲು ಗುರುಗುಟ್ಟಿತು, ಮತ್ತೆ ಗುರುಗುಟ್ಟಿತು. ಪೈಪಿನವನು ಕಾದೇ ನಿಂತಿದ್ದ. ಒಂದು ಕೈ ಎತ್ತಿದರೂ ಟ್ಯಾಂಕು ಹೋಯಿತು ಎಂದು ನಿರಂಜನ ಫೋನು ಮುಟ್ಟಲಿಲ್ಲ.

ಭಾಷಣ ಕೇಳಿ ರಾಕ್ಷಸನಿಗೂ ತೂಕಡಿಕೆ ಬರುವ ಹೊತ್ತಿಗೆ ಬೆಳ್ಳಪ್ಪ ಬಸ್‌ಸ್ಟ್ಯಾಂಡಿನ ಕಡೆಯಿಂದ ಓಡಿಬಂದ. ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಐದು ಲೀಟರಿನ ಕ್ಯಾನು. ಮುಚ್ಚಳದ ಸುತ್ತ ಯಾಕೋ ಇರುವೆ ಮುತ್ತಿದ್ದವು.

"ಯಾರು ಕೊಟ್ರು ಬೆಳ್ಳಪ್ಪಣ್ಣ?"

"ಅದನ್ನ ಮಾತ್ರ ಕೇಳ್ಬೇಡ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ನಿನ್ನ ಟ್ಯಾಂಕ್ ಉಳೀತಲ್ಲ, ಹಚ್ಚು!"

ನಿರಂಜನ ಆ ಅಜ್ಞಾತ ದಾನಿಗೆ ಮನಸ್ಸಿನಲ್ಲೇ ಅಡ್ಡಬಿದ್ದ. ಬೆಳಗಿನಿಂದ ಒಳಗೆ ಕುದಿಯುತ್ತಿದ್ದ ಸಿಟ್ಟಿಗೆಲ್ಲ ಒಂದು ದಾರಿ ಸಿಕ್ಕಿತ್ತು. ಕ್ಯಾನು ಕಿತ್ತುಕೊಂಡು ರಾಕ್ಷಸನ ಹೊಟ್ಟೆಗೆ ಸುರಿದ.

"ಸಾಕು, ಸಾಕು ಮಾರಾಯ! ಒಂದು ಲೋಟ ಸಾಕು!" ಎಂದು ಯಾರೋ ಕೂಗಿದರು.

"ಎಂತಕ್ಕೆ ಸಾಕು? ಹೋದ್ರೆ ನಮ್ಮಪ್ಪನ ಮನೆ ಗಂಟು ಹೋಗ್ತದಾ?" ಎಂದು ನಿರಂಜನ ರಾಕ್ಷಸನ ತಲೆಗೆ ಅಭ್ಯಂಜನ ಮಾಡಿಸಿದ. "ಇದು ಮೀನಿಂದು! ಇದು ಕ್ಷೌರದ್ದು! ಇದು ಮಿಕ್ಸಿದು!" ಎಂದು ಕೈಗೆ, ಕಾಲಿಗೆ, ಮೂಗಿಗೆ ಕೊನೆಯ ಹನಿಯವರೆಗೂ ಎರೆದು, ಖಾಲಿ ಕ್ಯಾನನ್ನೂ ಅದರ ಬಾಯಿಗೆ ತುರುಕಿ, ದೂರ ನಿಂತು, ಯಾರೋ ಹಚ್ಚಿಕೊಟ್ಟ ಪಂಜು ಎಸೆದ. ಎದ್ದ ಜ್ವಾಲೆಗೆ ದೂರದ ತುಮರಿಯ ಗದ್ದೆಯಲ್ಲಿದ್ದವರು ಸೂರ್ಯ ಎರಡಾದ ಎಂದು ಕೈಮುಗಿದರು. ಜನ ಕೇಕೆ ಹಾಕಿದರು, ಎಲ್ಲರ ಮೊಬೈಲುಗಳೂ ಮೇಲೆದ್ದವು. ಜನ್ಮದಲ್ಲಿ ಮೊದಲ ಬಾರಿಗೆ ನಿರಂಜನ ಲೆಕ್ಕವಿಲ್ಲದೆ ಪೆಟ್ರೋಲು ಖರ್ಚು ಮಾಡಿದ್ದ. ಸಿರಿವಂತಿಕೆ ಎಂದರೆ ಹೀಗಿರುತ್ತದೆ ಎಂದು ಅವನಿಗೆ ಅಂದೇ ತಿಳಿದದ್ದು.

ಕೂಪನ್ ಹಂಚಿದರು. ಊಟ ಇದೆ ಎಂದು ಬೆಳ್ಳಪ್ಪ ಗೌಡರ ಜೊತೆ ಕಾರು ಹತ್ತಿದ. ನಿರಂಜನ ಕೂಪನ್ನಿಗೆ ಮುತ್ತು ಕೊಟ್ಟು, ಅದರಲ್ಲಿ ಬರೆದಿದ್ದ ಬಂಕಿಗೆ ಹೋದ. ಬಂಕಿನ ಮುಂದೆ ಅಡ್ಡ ಹಗ್ಗ ಕಟ್ಟಿತ್ತು. ಅದಕ್ಕೊಂದು ಬೋರ್ಡು ತೂಗುತ್ತಿತ್ತು: "ಬೆಲೆಯೇರಿಕೆ ವಿರುದ್ಧದ ಹೋರಾಟಕ್ಕೆ ಬೆಂಬಲವಾಗಿ ಇಂದು ಬಂಕ್ ಬಂದ್."

"ನಾಳೆ ಬರ್ತೀನಿ ಬಿಡಿ," ಎಂದ ನಿರಂಜನ, ಹಲ್ಲು ಕಡಿಯುತ್ತ.

"ಕೂಪನ್ ಇವತ್ತಿಗೆ ಮಾತ್ರ ಸಾರ್," ಎಂದ ಕುರ್ಚಿಯಲ್ಲಿ ಕಾಲು ಚಾಚಿದ್ದ ಕಾವಲಿನವನು. "ಕೆಳಗೆ ಬರೆದಿದೆ ನೋಡಿ."

ಬರೆದಿತ್ತು. ಇರುವೆಯ ಕಾಲಿಗಿಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಹೊಸನಗರದ ಸುತ್ತು, ಬೆಳ್ಳಪ್ಪನ ತೂಕ, ಮೆರವಣಿಗೆಯ ಆಮೆನಡಿಗೆ ಎಲ್ಲ ಸೇರಿ ಟ್ಯಾಂಕನ್ನು ಮೊದಲೇ ನೆಕ್ಕಿದ್ದವು. ಸಾಗರ ದಾಟಿ ಅರ್ಧ ದಾರಿಗೆ ಬಂದಾಗ ಬೈಕು ಒಮ್ಮೆ ಬಿಕ್ಕಳಿಸಿ ನಿಂತಿತು. ಬೇಕೆಂದಾಗ ಇಳಿಜಾರು ಸಿಗಲಿಲ್ಲ. ಆ ರಸ್ತೆಯ ಏರುಗಳೆಲ್ಲ ಎದ್ದು ಬಂದು ಅವನೆದುರೇ ಸಾಲು ನಿಂತವು. ಸರ್ಕಾರವನ್ನು, ಕಂಪನಿಯನ್ನು, ಗೌಡರನ್ನು, ಕ್ಷೌರದವನನ್ನು ಬಾಯಿ ತುಂಬ ಬೈಯುತ್ತ ಅವನು ಬೈಕು ತಳ್ಳಿದ. ಆ ಬೈಗುಳಕ್ಕೆ ರಸ್ತೆಬದಿಯ ಹುಲ್ಲು ಇವತ್ತಿಗೂ ನೆಟ್ಟಗೆ ಬೆಳೆದಿಲ್ಲ.

ಸಂಜೆ ಹೊತ್ತಿಗೆ ಮನೆ ಮುಟ್ಟಿದಾಗ ಪ್ರತಿಮಾ ಜಗಲಿಯಲ್ಲಿ ನಿಂತಿದ್ದಳು. ಕೈಯಲ್ಲಿ ಮೊಬೈಲು, ಪಕ್ಕದಲ್ಲಿ ತುಂಬಿದ ಬಟ್ಟೆಯ ಬ್ಯಾಗು.

"ಗಾಡಿ ಎಂತಕ್ಕೆ ತಳ್ಕೊಂಡು ಬಂದ್ರಿ?"

"ಪೆಟ್ರೋಲ್ ಖಾಲಿ. ನಾಳೆ ಮಂಡಗದ್ದೆಗೆ... ಈ ರೇಟಲ್ಲಿ ನೋಡು..."

"ರೇಟು ಅಲ್ಲಿರಲಿ. ನಾನು ಕಳಿಸಿದ ಪೆಟ್ರೋಲ್ ಎಲ್ಲಿ?"

"ಯಾವ ಪೆಟ್ರೋಲು?"

"ಬೆಳ್ಳಪ್ಪಣ್ಣ ಫೋನ್ ಮಾಡಿದ್ರು. ನಿಮ್ಮ ಗಾಡಿ ಸಾಗರದ ಪೇಟೆ ನಡುವೆ ನಿಂತಿದೆ, ಬಂಕೆಲ್ಲ ಬಂದ್, ಜನ ಹೊಡೆಯಕ್ಕೆ ಬರ್ತಿದಾರೆ ಅಂದ್ರು. ನಿಮಗೆ ಎಷ್ಟು ಸಲ ಮಾಡಿದ್ರೂ ಎತ್ತಲಿಲ್ಲ. ಜೀವ ಹೋದಂಗಾಯ್ತು. ಇದ್ದಷ್ಟನ್ನೂ ಜೋನಿಬೆಲ್ಲ ಅಂತ ಸುಳ್ಳು ಹೇಳಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ದೆ."

ನಿರಂಜನನ ಕಣ್ಣ ಮುಂದೆ ಮುಚ್ಚಳದ ಸುತ್ತ ಮುತ್ತಿದ್ದ ಇರುವೆಗಳು ಒಂದೊಂದಾಗಿ ಹರಿದುಹೋದವು.

"ನಿಂಗೆ... ಅಷ್ಟು ಪೆಟ್ರೋಲು ಎಲ್ಲಿಂದ?"

"ನಾಳೆ ನೀವು ರೇಟಿನ ರಾಗ ತೆಗೀತೀರಿ ಅಂತ ಗೊತ್ತಿತ್ತು. ಎಮ್ಮೆ ಹಾಲು ಮಾರಿ, ಬೆಳ್ಳಪ್ಪಣ್ಣ ಹುಲ್ಲು ಹೊಡೆಯೋ ವೀಡ್ ಕಟ್ಟರಿಗೆ ತರೋವಾಗ ನಂಗೂ ಒಂದೊಂದು ಲೀಟರ್ ತರಿಸಿ, ಬೆಲ್ಲದ ಕ್ಯಾನಲ್ಲಿ ಕೂಡಿಟ್ಟಿದ್ದೆ. ಹೋಗಿ ಬರಕ್ಕೆ ಸಾಕಾಗಿ ಮಿಗ್ತಿತ್ತು. ನಿಮಗೆ ಹೇಳ್ಬೇಡಿ ಅಂತ ಅವರ ಹತ್ರ ಮಾತು ತಗೊಂಡಿದ್ದೆ."

ಹೀಗೆಂದು ಪ್ರತಿಮಾ ಮೊಬೈಲನ್ನು ಅವನ ಮೂಗಿಗೆ ಹಿಡಿದಳು. ಆಗಲೇ ಹೊಸನಗರ, ಸಾಗರ, ತೀರ್ಥಹಳ್ಳಿಯ ಅಷ್ಟೂ ಮೊಬೈಲು ಸುತ್ತಿ ಬಂದಿದ್ದ ವಿಡಿಯೊ. ಅದರಲ್ಲಿ ಅರ್ಧ ಕ್ಷೌರದ ವೀರನೊಬ್ಬ ಕುಣಿಕುಣಿದು ಕ್ಯಾನು ಬಗ್ಗಿಸುತ್ತಿದ್ದ. "ಹೋದ್ರೆ ನಮ್ಮಪ್ಪನ ಮನೆ ಗಂಟು ಹೋಗ್ತದಾ?" ಎಂದು ಮೊಬೈಲು ಕಿರುಚಿತು.

"ಹೌದು, ನಿಮ್ಮಪ್ಪನ ಮನೇದಲ್ಲ," ಎಂದು ಪ್ರತಿಮಾ ಬ್ಯಾಗು ಎತ್ತಿಕೊಂಡು, ದೂರದಲ್ಲಿ ಹಾರನ್ ಹಾಕಿದ ಸಂಜೆಯ ಬಸ್ಸಿನ ಕಡೆ ಅಂಗಳ ಇಳಿದಳು. "ಅದು ನಮ್ಮಪ್ಪನ ಮನೆಗೆ ಹೋಗಕ್ಕೆ ಇಟ್ಟಿದ್ದು."