ಉದ್ದ ಗಂಟೆಯೂ ನನ್ನ ಕಾಲುಗಳೂ

ಅರ್ಧ ಆಯುಷ್ಯ ಒಂದೇ ಕಸುಬಿನಲ್ಲಿ ಕಳೆದವನು 'ನಾನೀಗ ಅದನ್ನು ಬಿಟ್ಟಿದ್ದೇನೆ' ಎಂದರೆ ನಂಬಬೇಡಿ. ಸೇಡಂನ ನಮ್ಮ ಓಣಿಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದಾರೆ. ಮಗಳ ಮದುವೆಯಲ್ಲಿ ಊಟದ ಪಂಕ್ತಿಗೆ ಜನ ನುಗ್ಗಿದಾಗಲೂ 'ಮುಂದ ಸರೀರಿ, ಒಳಗ ಜಾಗಾ ಅದ' ಎನ್ನುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಪರರನ್ನು ನೋಡಿ ನಕ್ಕವನ ಪಾಳಿಯೂ ಬರುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ನಾನು ಗಣಿತದ ಮಾಸ್ತರನಾಗಿದ್ದವನು. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಸರ್ಕಾರ ಎತ್ತಿ ಹಾಕಿದ ಕಡೆಯೆಲ್ಲ ಹಲಗೆಯ ಮುಂದೆ ನಿಂತೆ. ಕಡೆಗೆ ಶಿಕ್ಷಕರೆಲ್ಲ ಸೇರಿ, 'ನೀವೇ ನಿಲ್ರಿ ಸರ್, ಹೆಂಗೂ ಭಾಳ ಮಾತಾಡ್ತೀರಿ' ಎಂದು ನನ್ನನ್ನು ವಿಧಾನ ಪರಿಷತ್ತಿಗೆ ಕಳಿಸಿದರು. ಪಠ್ಯಕ್ರಮ, ಬಿಸಿಯೂಟ, ವರ್ಗಾವಣೆ ಎಂದು ಎಲ್ಲಿ ಸಮಿತಿ ಕೂತರೂ ನಾನು ಅಲ್ಲಿ. ಸನ್ಮಾನದ ಸಭೆಗಳಲ್ಲಿ ನನ್ನನ್ನು ಶಿಕ್ಷಣ ತಜ್ಞ ಎನ್ನತೊಡಗಿದರು. ಮನೆಯಲ್ಲಿ ಮಾತ್ರ ನನ್ನ ಹೆಂಡತಿ ಶಾಂತಾ, 'ರಾಜ್ಯದ ಮಕ್ಕಳಿಗೆಲ್ಲ ಕಲಿಸ್ತೀರಿ, ಚಾ ಕುಡದ ಕಪ್ಪು ಎತ್ತಿಡೋದು ನೀವು ಯಾವಾಗ ಕಲೀತೀರಿ?' ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ಸರ್ಕಾರದ ಬಳಿಯೂ ಉತ್ತರವಿಲ್ಲ.

ನನಗಿರುವ ರೋಗ ಬೇರೆ. ನಮ್ಮ ಶಾಲೆಗಳಲ್ಲಿ ಬೇವಿನ ಗಿಡಕ್ಕೆ ರೈಲು ಹಳಿಯ ತುಂಡೊಂದನ್ನು ನೇತು ಹಾಕಿರುತ್ತಾರೆ. ಪೀರಿಯಡ್ಡಿಗೆ ಗಿಡ್ಡ ಗಂಟೆ. ಸಂಜೆ ಉದ್ದಕ್ಕೆ ಬಾರಿಸಿದರೆ ಅದು ಮನೆ ಗಂಟೆ. ಅದು ಕೇಳಿದ ಕೂಡಲೆ ಮಕ್ಕಳಾಗಲಿ, ಮಾಸ್ತರರಾಗಲಿ, ತಲೆಗೆ ಸುದ್ದಿ ಮುಟ್ಟುವ ಮೊದಲೇ ಕಾಲು ಎದ್ದಿರುತ್ತದೆ. ನನ್ನ ಕಾಲುಗಳಿಗೆ ನಾನು ಶಾಸಕನಾದ ಸುದ್ದಿ ಇನ್ನೂ ಮುಟ್ಟಿಲ್ಲ.

ಮಳಖೇಡದ ಹತ್ತಿರ, ಕಾಗಿಣಾ ಹೊಳೆಯಾಚೆ ಒಂದು ಊರಿದೆ. ಅಲ್ಲಿ ಶಾಲೆ ಏಳನೇ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಓದಲು ಹೊಳೆ ದಾಟಬೇಕು. ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು ಬಂದರೆ ಹೆಣ್ಣುಮಕ್ಕಳ ಶಾಲೆ ನಿಲ್ಲುತ್ತದೆ. ನೀರು ಇಳಿದ ಮೇಲೂ ಯಾರೂ ಕಳಿಸುವುದಿಲ್ಲ. ಆ ಊರಿನ ನಾಗಮ್ಮ ಒಂದು ದಿನ ನಮ್ಮ ಮನೆಗೆ ಬಂದಳು. ಮಗಳು ಭಾಗ್ಯ ಏಳನೇದು ಪಾಸಾಗುವುದರಲ್ಲಿದ್ದಳು. ನಾನು ಅರ್ಧ ತಾಸು ಶಿಕ್ಷಣ ನೀತಿ ವಿವರಿಸಿದೆ. ಸಮಾಧಾನವಾಗಿ ಕೇಳಿ ನಾಗಮ್ಮ ಎದ್ದು, 'ನಿಮ್ಮ ಭಾಷಣ ಹೊಳಿ ದಾಟ್ತದ್ರಿ ಸಾಹೇಬ್ರ, ನನ್ನ ಮಗಳು ದಾಟಂಗಿಲ್ರಿ' ಎಂದಳು.

ಆ ಮಾತು ನನಗೆ ಚುಚ್ಚಿತು. ಜೂನಿನೊಳಗೆ ಆ ಊರಿಗೆ ಎಂಟನೇ ತರಗತಿ ತರಲೇಬೇಕೆಂದು ಒಂದು ಭಾಷಣ ಬರೆದೆ. ತಿಂಗಳುಗಟ್ಟಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಭ್ಯಾಸ ಮಾಡಿದೆ. ನಾನು ಮರೆತಲ್ಲಿ ಶಾಂತಾ ರೊಟ್ಟಿ ಬಡಿಯುತ್ತಲೇ ಮುಂದಿನ ಸಾಲು ಹೇಳುವಳು.

ಅಧಿವೇಶನದ ಕಡೆಯ ದಿನ. ಊಟದ ನಂತರ ನನ್ನ ವಿಷಯ. ಸದನದಲ್ಲಿ ಜನ ಸಾಲದೇ ಹೋದರೆ, ಹೊರಗಿರುವ ಸದಸ್ಯರನ್ನು ಕರೆಯಲು ಉದ್ದಕ್ಕೆ ಗಂಟೆ ಬಾರಿಸುತ್ತಾರೆ. ಅವತ್ತು ಬಾರಿಸಿದರು. ನಾನು ಕನ್ನಡಕ ಮಡಿಚಿ, ಕೈಯಲ್ಲಿ ಇಲ್ಲದ ಸೀಮೆಸುಣ್ಣದ ಪುಡಿ ಝಾಡಿಸಿಕೊಂಡು ಹೊರಟೇಬಿಟ್ಟೆ. ಎದುರಿನಿಂದ ನಾಲ್ಕಾರು ಸದಸ್ಯರು ಒಳಗೆ ಓಡುತ್ತಿದ್ದರು. ಮರೆತು ಬಂದ ಟಿಫಿನ್ ಡಬ್ಬಿ ತರಲು ಹೋಗುತ್ತಿದ್ದಾರೆ ಎಂದುಕೊಂಡೆ. ಬಾಗಿಲ ಸಿಬ್ಬಂದಿ 'ಸರ್, ಒಳಗೆ!' ಎಂದರೆ, 'ಇರ್ಲಿ ಬಿಡಪ್ಪ, ನಾಳೆ ಮುಂದುವರಿಸೋಣ' ಎಂದೆ.

ಒಳಗೆ ಎಣಿಸಿದರೆ ಒಬ್ಬರು ಕಡಿಮೆ. ಆ ಒಬ್ಬ ನಾನೇ. ಸದನವನ್ನು ಮುಂದೂಡಿದರು, ಭಾಗ್ಯಳ ಎಂಟನೇ ತರಗತಿ ಮಣ್ಣು ಪಾಲಾಯಿತು. ಅದು ಮನೆ ಗಂಟೆಯಲ್ಲವೆಂದು ಮೊಗಸಾಲೆಯಲ್ಲಿ ಹೊಳೆದು, ತಲೆಯ ಮೇಲೆ ಕೈ ಹೊತ್ತು ಕೂತೆ. ನಾಗಮ್ಮನಿಗೆ ಮುಖ ತೋರಿಸುವುದು ಹೇಗೆಂದು ಅಳುವೇ ಬಂತು.

ಅಷ್ಟರಲ್ಲಿ ಶಿಕ್ಷಣ ಸಚಿವರು ಬಂದು ಪಕ್ಕದಲ್ಲಿ ಕೂತರು. 'ನಿಮ್ಮ ವಿಷಯಕ್ಕೆ ನೀವೇ ಎದ್ದು ಹೋಗೋದಾ ಮಾಸ್ತರೇ?' ಎಂದರು. ಮನೆ ಗಂಟೆಯ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, 'ಅಷ್ಟಕ್ಕೂ ಏನು ಕೇಳಬೇಕಿತ್ತು?' ಎಂದರು. ಉರು ಹೊಡೆದ ಭಾಷಣದ ಒಂದು ಸಾಲೂ ನೆನಪಿಗೆ ಬರಲಿಲ್ಲ. ರೊಟ್ಟಿ ಬಡಿಯುವವಳು ಸೇಡಂನಲ್ಲಿದ್ದಳು. ನಾಗಮ್ಮ ಅಂದದ್ದನ್ನಷ್ಟೇ ಹೇಳಿದೆ. ಸಚಿವರ ನಗು ನಿಂತಿತು. ಜೂನಿಗೆ ಎಂಟನೇ ತರಗತಿ ಮಂಜೂರಾಯಿತು.

ಉದ್ಘಾಟನೆಗೆ ಇಡೀ ಊರು ಸೇರಿತ್ತು. ಮಿರ್ಚಿ ಭಜಿ, ಮಂಡಕ್ಕಿ ಸುಸಲಾ ಭರ್ಜರಿಯಾಗಿತ್ತು. ಮೊದಲ ಗಂಟೆ ನಾನೇ ಹೊಡೆಯಬೇಕು, ಆಮೇಲೆ ಭಾಷಣ. ಅದೇ ಭಾಷಣವನ್ನು ಕಿಸೆಯಲ್ಲಿಟ್ಟುಕೊಂಡಿದ್ದೆ. ಹೊಸ ಸಮವಸ್ತ್ರದಲ್ಲಿ ಎರಡು ಜಡೆ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತ ಭಾಗ್ಯಳನ್ನು ನೋಡಿ ಎದೆ ತುಂಬಿ ಬಂತು. ಖುಷಿಗೆ ಕೈ ನಿಲ್ಲಲಿಲ್ಲ. ಬಾರಿಸಿದೆ, ಬಾರಿಸಿದೆ, ಬಾರಿಸುತ್ತಲೇ ಇದ್ದೆ.

ಮಕ್ಕಳೆಲ್ಲ 'ಹೋ' ಎಂದು ಚೀಲ ಹೆಗಲಿಗೇರಿಸಿ ಎದ್ದರು. ಹೆಡ್‌ಮಾಸ್ತರರೂ ಚಪ್ಪಲಿ ಹುಡುಕತೊಡಗಿದ್ದರು. ಭಾಗ್ಯ ಓಡುತ್ತಲೇ ತಿರುಗಿ, 'ನಾಳಿ ಬರ್ತೀನ್ರಿ ಸರ್' ಎಂದು ಕೂಗಿದಳು. ಅದನ್ನು ಕೇಳಲೆಂದೇ ನಾನು ಇಷ್ಟು ವರ್ಷ ಶಾಸಕನಾಗಿದ್ದೆನೇನೋ ಅನ್ನಿಸಿತು.

ಖಾಲಿ ಪೆಂಡಾಲಿನಲ್ಲಿ ಶಾಂತಾ ಒಬ್ಬಳೇ ಕೂತಿದ್ದಳು. 'ಅಲ್ರಿ, ಅವರೇನೋ ಹುಡುಗ್ರು, ಹೋದ್ರು. ಭಾಷಣ ಮಾಡೋರು ನೀವು ಎಲ್ಲಿ ಹೊಂಟೀರಿ?' ಎಂದು ಕೂಗಿದಳು. ನೋಡಿಕೊಂಡೆ. ನಾನು ಆಗಲೇ ಶಾಲೆಯ ಗೇಟು ದಾಟಿದ್ದೆ.