ಅಮಾವಾಸ್ಯೆಗೆ ಬದಲಾಗುವ ನಂಬರು

ನನಗೆ ಕಂಪ್ಯೂಟರ್ ಬರುತ್ತದೆ ಎಂದು ನಾನಾಗಿ ಯಾರಿಗೂ ಹೇಳಿದವನಲ್ಲ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆದು ತೆಗೆದೆ, ಅಷ್ಟೇ. ಅಂದಿನಿಂದ ಬನಹಟ್ಟಿಯ ನಮ್ಮ ಸೀರೆ ಕಾರ್ಖಾನೆಯಲ್ಲಿ ಗುಮಾಸ್ತನಾದ ನಾನು ‘ಕಂಪ್ಯೂಟರ್ ಸರ’ ಆದೆ. ಗೌರವ ತಾನಾಗಿ ಬಂದಾಗ ಬೇಡ ಎನ್ನುವ ಬುದ್ಧಿ ಮನುಷ್ಯನಿಗೆ ಇರಬೇಕು. ನನಗಿರಲಿಲ್ಲ.

ನಮ್ಮಲ್ಲಿ ಇರುವುದು ಸಾಹುಕಾರರದೊಂದು, ನನ್ನದೊಂದು, ಅಂಚು-ಸೆರಗಿನ ಡಿಸೈನ್ ಬರೆಯುವ ನೀಲಕ್ಕನದೊಂದು ಕಂಪ್ಯೂಟರು. ಮೂರಕ್ಕೂ ಪಾಸ್‌ವರ್ಡ್ ಒಂದೇ, ಸಾಹುಕಾರರ ತಂದೆಯ ಹೆಸರು. ನೀಲಕ್ಕನದು ಕೆಟ್ಟರೆ ಮಗ್ಗಗಳಿಗೆ ಕೆಲಸವಿಲ್ಲ. ಹಾಗಾಗಿ ಅದರಲ್ಲಿರುವುದೆಲ್ಲ ದಿನಾ ಸಂಜೆ ತಾನಾಗಿಯೇ ನನ್ನ ಕಂಪ್ಯೂಟರಿಗೆ ನಕಲಾಗುವಂತೆ ವ್ಯವಸ್ಥೆ ಮಾಡಿದೆ. ರೌಟರ್ ಎಂಬ ಪೆಟ್ಟಿಗೆ ಪ್ರತಿ ಕಂಪ್ಯೂಟರಿಗೂ ಒಂದು ನಂಬರು ಹಂಚುತ್ತದೆ. ಅಂದು ಮೊದಲ ನಂಬರು ನೀಲಕ್ಕನ ಕಂಪ್ಯೂಟರಿಗೆ ಬಂದಿತ್ತು. ‘ಮೊದಲ ನಂಬರಿನದನ್ನು ನಕಲು ಮಾಡು’ ಎಂದು ಬರೆದಿಟ್ಟು, ಲೋಕೋದ್ಧಾರ ಮಾಡಿದವನಂತೆ ಚಹಾಕ್ಕೆ ಹೋದೆ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಂದು ನಮ್ಮಲ್ಲಿ ಮಗ್ಗಕ್ಕೆ ಪೂಜೆ. ಕಂಪ್ಯೂಟರನ್ನು ಬಿಟ್ಟರೆ ಅದಕ್ಕೆ ಬೇಜಾರಾದೀತೆಂದು ರೌಟರನ್ನೂ ಸೇರಿಸಿ ಎಲ್ಲವನ್ನೂ ಆರಿಸಿ, ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತೇವೆ. ಆಮೇಲೆ ಮೊದಲು ಚಾಲೂ ಮಾಡುವ ಮಾನ ಸಾಹುಕಾರರದು. ರೌಟರೂ ಮಾನ-ಮರ್ಯಾದೆ ತಿಳಿದದ್ದೇ. ಮೊದಲು ಬಂದವರಿಗೆ ಮೊದಲ ನಂಬರು ಕೊಟ್ಟು ಕೈತೊಳೆದುಕೊಂಡಿತು. ಇದು ನನಗೆ ಗೊತ್ತಾಗಿದ್ದು ಕಳೆದ ವಾರ.

ಕಳೆದ ವಾರ ನೀಲಕ್ಕನ ಕಂಪ್ಯೂಟರು ಕೈಕೊಟ್ಟಿತು. ಮುಧೋಳದ ಮದುವೆಯೊಂದಕ್ಕೆ ಸೀರೆ ನೇಯಬೇಕಿತ್ತು. ಅದರ ಹೊಸ ಅಂಚಿಗಾಗಿ ಆಕೆ ಆ ಅಮಾವಾಸ್ಯೆಯ ನಂತರ ತಿಂಗಳುಗಟ್ಟಲೆ ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

“ಸರ, ನಿಮ್ಮ ಕಡೆ ಐತಲ್ರೀ?” ಎಂದಳು.

“ಐತಿ ಬಿಡು ನೀಲಕ್ಕ, ಯಾಕ ಹೆದರತಿ?” ಎಂದು ಕಾಲ ಮೇಲೆ ಕಾಲು ಹಾಕಿಕೊಂಡು ತೀರ ಈಚಿನ ನಕಲನ್ನು ತೆರೆದೆ.

ನಾಯಿ. ಸಾಹುಕಾರರ ಮುಧೋಳ ನಾಯಿ, ರಾಜಾ. ಮುಂದಿನ ಫೋಟೋದಲ್ಲಿ ರಾಜಾ ಮಲಗಿದ್ದ. ಅದರ ಮುಂದಿನದರಲ್ಲಿ ಹಾರ ಹಾಕಿಕೊಂಡು ನಿಂತಿದ್ದ. ಇನ್ನೊಂದರಲ್ಲಿ ಓಡಿದ್ದ, ಬಾಲ ಮಾತ್ರ ಸಿಕ್ಕಿತ್ತು. ಹಿಂದೆ ನಿಂತಿದ್ದ ಸಾಹುಕಾರರು, “ಭಲೇ! ಒಂದೂ ಬಿಟ್ಟಿಲ್ಲ ನೋಡ್ರಿ!” ಎಂದು ಬೆನ್ನು ತಟ್ಟಿದರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನೀಲಕ್ಕ ಒಮ್ಮೆ ನಾಯಿಯನ್ನು, ಒಮ್ಮೆ ನನ್ನನ್ನು ನೋಡಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಉಳಿದದ್ದು ಮಾದರಿಗೆಂದು ನೇಯ್ದ ಒಂದೇ ಒಂದು ಸೀರೆ. ಅದನ್ನು ನೇಯ್ದ ಮಗ್ಗಕ್ಕೆ ಡಿಸೈನ್ ಒಯ್ಯುವ ಪೆನ್ ಡ್ರೈವ್‌ನಲ್ಲಿ ಆಗಲೇ ಬೇರೆ ಡಿಸೈನ್ ಬಂದು ಕೂತಿತ್ತು. ಈಗ ದಿನವಿಡೀ ನೀಲಕ್ಕನ ಪಕ್ಕ ಕುಳಿತು, ಭೂತಗನ್ನಡಿ ಹಿಡಿದು ಅಂಚಿನ ಎಳೆ ಎಣಿಸುತ್ತ, “ಕೆಂಪು ಎರಡು, ಕರಿ ಒಂದು” ಎಂದು ಓದುತ್ತೇನೆ. ಆಕೆ ಹೊಸ ಕಂಪ್ಯೂಟರಿನಲ್ಲಿ ಚುಕ್ಕಿ ಇಡುತ್ತಾಳೆ. ನಂಬರು ಜಾಗ ಬದಲಿಸಿದ ಕಥೆಯನ್ನು ಆಕೆಗೆ ಆಗಲೇ ಹೇಳಿಯಾಗಿದೆ. ಹೀಗೇ ನಡೆದರೆ ಸೀರೆಗಳು ಮದುವೆಗೆ ಮುಟ್ಟುತ್ತವಂತೆ.

ನಿನ್ನೆ ಸೊಂಟ ಹಿಡಿದುಕೊಂಡಿತೆಂದು ಕಿಟಕಿ ಬದಿಯ ಕುರ್ಚಿಗೆ ಹೋಗಲು ಎದ್ದೆ.

“ಅಲ್ಲೇ ಕೂಡ್ರಿ ಸರ,” ಎಂದಳು ನೀಲಕ್ಕ, ತೆರೆಯಿಂದ ಕಣ್ಣು ತೆಗೆಯದೆ. “ನೀವು ಜಾಗಾ ಬದಲಿ ಮಾಡಿದ್ರ ಮತ್ತ ನಾಯೀನ ಬರತೈತಿ.”